ಗಾಳಿ ಪೈಪಿನ ಅರಿವೆ

ನಮ್ಮಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ತನ್ನ ಬಿಳಿ ಸೀರೆ ಹಳತಾದರೆ ಅದನ್ನು ಪಾತ್ರೆ ಮಾರುವವಳಿಗೆ ಹಾಕುತ್ತಿರಲಿಲ್ಲ. ಪಡಸಾಲೆಯ ಫರ್ಸಿ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಅಂಚನ್ನು ಹಲ್ಲಿನಿಂದ ಕಚ್ಚಿ, ಸರಕ್ಕನೆ ಹರಿಯುತ್ತಿದ್ದಳು. ಮೊದಲ ತುಂಡು ಲಿಂಗದ ವಸ್ತ್ರಕ್ಕೆ. ಅದನ್ನು ಬೇರೆ ಬಕೆಟ್ಟಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ, ನಾವು ಮಕ್ಕಳು ಮುಟ್ಟದಂತೆ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಉಳಿದ ತುಂಡುಗಳೆಲ್ಲ ಅಪ್ಪನಿಗೆ. ಅಪ್ಪ ಡೀಸೆಲ್ ಗಾಡಿಗಳ ಮಿಸ್ತ್ರಿ. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಗೆ ಮುಖ ಮಾಡಿದ್ದ ನಮ್ಮ ಮನೆಯ ಮುಂದಿನ ಅರ್ಧ ಅವನ ಗ್ಯಾರೇಜು, ಹಿಂದಿನ ಅರ್ಧ ನಮ್ಮ ಸಂಸಾರ. ನಡುವೆ ಒಂದು ಹೊಸ್ತಿಲು. ಆ ಹೊಸ್ತಿಲು ದಾಟುವ ಮುಂಚೆ ಅಪ್ಪ ಸಾಬೂನಿನ ಪುಡಿಯಿಂದ ಮೊಳಕೈವರೆಗೆ ತಿಕ್ಕಿಕೊಂಡು ಬರಬೇಕು, ಆಯಿ ಉಗುರು ನೋಡಿ ಸೈ ಅನ್ನಬೇಕು, ಆಮೇಲೆ ಪೂಜೆ, ಆಮೇಲೆ ರೊಟ್ಟಿ. ಎಷ್ಟು ತಿಕ್ಕಿದರೂ ನಮ್ಮ ಮನೆಯ ಪುಂಡಿ ಪಲ್ಯಕ್ಕೂ ಶೇಂಗಾ ಹಿಂಡಿಗೂ ಒಂದು ಚೂರು ಇಂಜಿನ್ ಎಣ್ಣೆಯ ವಾಸನೆ ಇದ್ದೇ ಇರುತ್ತಿತ್ತು. ಬೇರೆ ಮನೆಯಲ್ಲಿ ಉಂಡಾಗ ನನಗೆ ಏನೋ ಕಡಿಮೆಯಾದ ಹಾಗೆ ಅನಿಸುತ್ತಿತ್ತು.

ಸದ್ದು ಕೇಳಿ ರೋಗ ಹೇಳುವ ಮಿಸ್ತ್ರಿಗಳನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಅವನು ನಂಬುತ್ತಿದ್ದದ್ದು ಆಯಿಯ ಸೀರೆಯ ತುಂಡನ್ನು. ಗಾಡಿ ಬಂದರೆ ಮೊದಲು ಬಾನೆಟ್ ಎತ್ತಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ರಬ್ಬರ್ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಅರಿವೆ ಆಡಿಸಿ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಡಾಕ್ಟರು ನಾಲಿಗೆ ನೋಡುತ್ತಾರಲ್ಲ, ಹಾಗೆ. ಕಿರಿದಾದ ಬಾಗಿನಲ್ಲಿ ಅವನ ದಪ್ಪ ಕೈ ಹೋಗುತ್ತಿರಲಿಲ್ಲ. ಅಲ್ಲಿಗೆ ನನ್ನ ಕೈ. ನಾಲ್ಕನೇ ಇಯತ್ತೆಯ ಹುಡುಗಿ ನಾನು, ಗ್ಯಾರೇಜಿನಲ್ಲಿ ಇರುವುದಕ್ಕೆ ಅವ್ವ ಬೈಯುತ್ತಿದ್ದಳು, ಆಯಿ ಗೊಣಗುತ್ತಿದ್ದಳು, ನಾನು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ನೋಡವ್ವ ನೀಲಾ, ಇದು ಇಂಜಿನ್ ಗಾಳಿ ಉಣ್ಣೋ ದಾರಿ. ಧೂಳು ಇರ್ತದ, ಇರಲಿ. ಛಲೋ ಗಾಡಿ ಅರಿವಿನೂ ಜರಾ ಬೂದಿ ಬಣ್ಣಕ್ಕ ಬರ್ತದ. ಆದ್ರ ತೊಯ್ದು ಬಂತು ಅಂದ್ರ ಎಣ್ಣಿ ಎಲ್ಲಿಂದ ಬಂತು ಅಂತ ಹುಡುಕಬೇಕು. ಒರಿಸಿ ಸುಮ್ನಾದ್ರ ಅದು ಮಿಸ್ತ್ರಿ ಕೆಲಸ ಅಲ್ಲ, ಕಸ ಹೊಡಿಯೋ ಕೆಲಸ."

"ಎಣ್ಣಿ ಬಂದ್ರ ಏನಾಗ್ತದಪ್ಪ?"

"ಡೀಸಲ್ ಇಂಜಿನ್ನಿಗೆ ಎಣ್ಣಿನೂ ಡೀಸಲ್ಲೇ. ಗಾಳಿ ಕೂಡ ಎಣ್ಣಿ ಒಳಗ ಹೋತಂದ್ರ ಅದನ್ನೂ ಸುಟ್ಟು ಓಡ್ತದ. ಆಮ್ಯಾಲ ಚಾವಿ ತಿರುವಿದ್ರೂ ನಿಂದ್ರಂಗಿಲ್ಲ. ಎಣ್ಣಿ ಮುಗಿಯೋತನಕ ಓಡ್ತದ, ಇಲ್ಲಾ ಸಿಡೀತದ."

ಇದನ್ನು ಅವನು ಯಾವ ಭಯವೂ ಇಲ್ಲದೆ, ಬೀಡಿ ಹಚ್ಚಿಕೊಳ್ಳುತ್ತ ಹೇಳಿದ. ನನಗೆ ಮಾತ್ರ ಅವತ್ತಿನಿಂದ ಬಾಗಿಲಲ್ಲಿ ನಿಂತ ಗಾಡಿಗಳೆಲ್ಲ ಉಸಿರಾಡುವ ಪ್ರಾಣಿಗಳಂತೆ ಕಾಣತೊಡಗಿದವು. ಸಂಜೆ ನೀರು ತರಲು ಹೋಗುವಾಗ ಅವುಗಳ ಮುಂದಿನಿಂದ ಹೋಗದೆ ಹಿಂದಿನಿಂದ ಸುತ್ತಿ ಹೋಗುತ್ತಿದ್ದೆ.

ಆ ವರ್ಷ ಗುಂಡಪ್ಪ ಕಾಕಾ ಒಂದು ಜೀಪು ತಂದ. ಕಾಕಾ ಅಪ್ಪನ ಒಬ್ಬನೇ ತಮ್ಮ, ಮಾತಿನ ಮಲ್ಲ, ಸುಮ್ಮನೆ ಕೂರುವ ಜಾಯಮಾನದವನಲ್ಲ. ಖಜೂರಿ ದಾಟಿ ಮಹಾರಾಷ್ಟ್ರದ ಯಾವುದೋ ಊರಿಂದ ಹಳೆಯ ಟರ್ಬೊ ಗಾಡಿಯನ್ನು, ಅಣ್ಣನಿಗೆ ಒಂದು ಮಾತು ಕೇಳದೆ ತಂದು, ಬಾಗಿಲ ಮುಂದೆ ನಿಲ್ಲಿಸಿ ಹಾರನ್ ಹೊಡೆದ. ಮಿಸ್ತ್ರಿಯ ಮನೆಯಲ್ಲಿದ್ದುಕೊಂಡು ಮಿಸ್ತ್ರಿಗೆ ತೋರಿಸದೆ ಗಾಡಿ ಕೊಳ್ಳುತ್ತಾರೇನು! ಅಪ್ಪ ಹೊರಗೆ ಬಂದು ನೋಡಿದ. ಹಿಂದಿನ ಹೊಗೆಯಲ್ಲಿ ಸಣ್ಣ ನೀಲಿ ಇತ್ತು. ಅವನು ಮೂಗು ಒಮ್ಮೆ ಏರಿಸಿದ, ಒಳಗೆ ಹೋದ. ಕಾಕಾ ಮರುದಿನದಿಂದಲೇ ಆಳಂದ–ಮಾದನಹಿಪ್ಪರಗಾ ನಡುವೆ ಸವಾರಿ ಹೊಡೆಯತೊಡಗಿದ. ಎರಡು ತಿಂಗಳಿಗೆ ಹೊಗೆಯ ನೀಲಿ ನನ್ನ ಕಣ್ಣಿಗೂ ಕಾಣುವಷ್ಟಾಯಿತು. ಆಯಿ ಅಂಗಳದಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಆ ಹೊಗೆ ಬಂದು ಕೂರುತ್ತಿತ್ತು.

ಗಂಗಾ ಕಾಕಿ, ಅಂದರೆ ಕಾಕಾನ ಹೆಂಡತಿ, ಆಗ ಏಳು ತಿಂಗಳ ಬಸುರಿ. ಅವಳ ತವರು ಅಫಜಲಪುರದ ಆಚೆ, ಸೊನ್ನದ ಬ್ಯಾರೇಜಿನ ಹತ್ತಿರ. ಅಲ್ಲಿ ಇದ್ದವಳು ಅವಳ ಅವ್ವ ಒಬ್ಬಳೇ, ಮಂಡಿ ಹಿಡಿದುಕೊಂಡು ಬಾಗಿಲವರೆಗೆ ಬರುವುದೂ ಕಷ್ಟ. ಕರೆದೊಯ್ಯಲು ಅಣ್ಣತಮ್ಮಂದಿರಿರಲಿಲ್ಲ. ಹಾಗಾಗಿ ಕುಬಸ, ಅಂದರೆ ಸೀಮಂತ, ಮಾಡಿ ನಾವೇ ಬಿಟ್ಟು ಬರಬೇಕಿತ್ತು. ನಮ್ಮ ಮನೆಯಲ್ಲಿ ಒಂದು ರಿವಾಜು: ಹಸಿರು ಸೀರೆ ಉಡಿಸಿ, ಉಡಿ ತುಂಬಿ ಗಾಡಿ ಹತ್ತಿಸಿದ ಬಸುರಿ ತವರಿನ ಹೊಸ್ತಿಲು ಮುಟ್ಟುವತನಕ ನೆಲಕ್ಕೆ ಕಾಲಿಡಬಾರದು. ಬಸ್ಸಿನಲ್ಲಿ ಕಳಿಸುವಂತಿಲ್ಲ, ಅಫಜಲಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಾಗುತ್ತದೆ. ಎಂಟನೇ ತಿಂಗಳು ಬಿದ್ದರೆ ಕಳಿಸುವುದೇ ಇಲ್ಲ. ಶಕುನ ಗಿಕುನ ನಮಗಿಲ್ಲ, ಶರಣರ ಮನೆತನ ನಮ್ಮದು ಎಂದು ಆಯಿ ಊರಿಗೆಲ್ಲ ಹೇಳುತ್ತಿದ್ದಳು. ಈ ಒಂದನ್ನು ಮಾತ್ರ ಬಿಡುತ್ತಿರಲಿಲ್ಲ. ಏಕೆ ಎಂದು ಕೇಳಿದರೆ ಬೈಗುಳ ಸಿಗುತ್ತಿತ್ತು.

ಕುಬಸದ ಮಾತು ಬಂದ ದಿನ ಊಟಕ್ಕೆ ಕೂತಲ್ಲಿಯೇ ಜಗಳ ಶುರುವಾಯಿತು. ಅಪ್ಪ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದ:

"ಗುಂಡ್ಯಾ, ಆ ಗಾಡ್ಯಾಗ ಗಂಗಾನ್ನ ಕಳಸಂಗಿಲ್ಲ. ಅದು ತನ್ನ ಎಣ್ಣಿ ತಾನೇ ಕುಡ್ಯಾಕತ್ತದ."

"ಅಣ್ಣಾ, ದಿನಾ ಮಂದಿನ್ನ ಹೇರಕೊಂಡು ಓಡ್ಯಾಡಾಕತ್ತೇನಿ. ಏನಾಗ್ಯದ ಹೇಳು? ನಾ ನಿನಗ ಕೇಳದ ತಂದೆ ಅಂತ ನಿನಗ ಹೊಟ್ಟಿ ಉರಿ."

"ಬಿಚ್ಚಿ ನೋಡೂಣಲೇ. ನೋಡಿದ ಮ್ಯಾಲ ಮಾತಾಡು."

ಯಾರದಾದರೂ ಬೇರೆ ಗಾಡಿ ಕೇಳೋಣ ಎಂದು ಅವ್ವ ಮೆಲ್ಲಗೆ ಬಾಯಿ ಹಾಕಿದಳು. ಕಾಕಾ ತಾಟು ಸರಿಸಿ ಎದ್ದುಬಿಟ್ಟ.

"ನನ್ನ ಹೇಣ್ತಿ ನನ್ನ ಗಾಡ್ಯಾಗ ಹೋಗ್ತಾಳ. ಇಲ್ಲಾಂದ್ರ ಹೋಗಂಗೇ ಇಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಕಾಕಿಯ ಕೈಯ ಬಡಿತ ನನಗೆ ಗುರುತಿತ್ತು, ಆ ದಿನ ಅದು ತೀರ ಜೋರಾಗಿತ್ತು.

ಎಂಟನೇ ತಿಂಗಳಿಗೆ ಆರು ದಿನ ಉಳಿದಿದ್ದವು. ಅಪ್ಪ ಹಟ ಹಿಡಿದು ಕಾಕಾನ ಗಾಡಿಯನ್ನು ತಪಾಸಣೆಗೆ ತೆಗೆದುಕೊಂಡ. ಅವನು ಕೆಲಸ ಮಾಡುವ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ: ಒಂದು ಸಲಕ್ಕೆ ಒಂದೇ ಅನುಮಾನ. ಮೊದಲ ದಿನ ಗಾಳಿಯ ಫಿಲ್ಟರ್ ತೆಗೆದ. ತೊಗರಿ ರಾಶಿಯ ಕಾಲ, ಫಿಲ್ಟರಿನ ತುಂಬ ಹೊಟ್ಟಿನ ಧೂಳು ಮೆತ್ತಿತ್ತು. ಗಾಳಿ ಸಿಗದಿದ್ದರೆ ಇಂಜಿನ್ನು ಸಿಕ್ಕಲ್ಲಿಂದ ಎಣ್ಣೆ ಎಳೆಯುತ್ತದೆ ಎಂದು ಹೊಸದು ಹಾಕಿದ. ಪೈಪೆಲ್ಲ ತೊಳೆದು ಒಣಗಿಸಿ, ಗಾಡಿಯನ್ನು ಖಜೂರಿವರೆಗೆ ಓಡಿಸಿ ತಂದು ಅರಿವೆ ಹಾಕಿದೆವು. ತೊಯ್ದು ಬಂತು. ಎರಡನೇ ದಿನ ಎಣ್ಣೆಯ ಕಡ್ಡಿ ಎಳೆದು ನೋಡಿದರೆ ಗೆರೆಗಿಂತ ಎರಡು ಬೆರಳು ಮೇಲೆ ಇತ್ತು. ದೂರ ಓಡುವ ಗಾಡಿಗೆ ಹೊಟ್ಟೆ ತುಂಬ ಇರಲಿ ಎಂದು ಕಾಕಾನೇ ಸುರಿದಿದ್ದ. ಅಪ್ಪ ಹೆಚ್ಚಿನದನ್ನು ಬಸಿದು ಗೆರೆಗೆ ತಂದ. ಮತ್ತೆ ಓಡಿಸಿ ಅರಿವೆ ಹಾಕಿದೆವು. ಸ್ವಲ್ಪ ಕಡಿಮೆ, ಆದರೂ ತೊಯ್ದಿತ್ತು. ಮೂರನೇ ದಿನ ಇಂಜಿನ್ ಶುರು ಮಾಡಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತಿರುವದೆ ಸುಮ್ಮನೆ ಮೇಲಿಟ್ಟ. ಒಳಗಿನ ಪಿಸ್ಟನ್ ಉಂಗುರಗಳು ಸವೆದಿದ್ದರೆ ಹೊಗೆ ಒತ್ತಿ ಬಂದು ಆ ಮುಚ್ಚಳ ಕುಣಿಯಬೇಕು. ಅದು ಕುಣಿಯಲಿಲ್ಲ. ಕಾಕಾ ಚಪ್ಪಾಳೆ ತಟ್ಟಿದ.

"ನೋಡಿದೇನು ಅಣ್ಣಾ! ಇಂಜಿನ್ ಬಿಲಕುಲ್ ಛಲೋ ಅದ."

"ಇಂಜಿನ್ ಛಲೋ ಅದ. ಹಂಗಾದ್ರ ಟರ್ಬೊ ನೋಡಬೇಕು," ಎಂದ ಅಪ್ಪ. ಅವನ ಮುಖ ಇನ್ನೂ ಗಂಟಾಯಿತು. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ, ಚೂಪು ರೆಕ್ಕೆಗಳ ಸಣ್ಣ ಚಕ್ರ.

ಇಂಜಿನ್ನಿನ ಹೊಟ್ಟೆಯಿಂದ ಹೊಗೆ ಬಿಡುವ ಸಣ್ಣ ಕೊಳವೆಯನ್ನು ಗಾಳಿಯ ಪೈಪಿನಿಂದ ಬಿಡಿಸಿ, ಒಂದು ಬಾಟಲಿಯೊಳಗೆ ಇಳಿಬಿಟ್ಟು ಕಟ್ಟಿದ. ಈಗ ಆ ಕಡೆಯಿಂದ ಎಣ್ಣೆ ಬರುವ ಹಾಗಿಲ್ಲ. ಪೈಪುಗಳನ್ನೆಲ್ಲ ಮತ್ತೆ ತೊಳೆದ. ಇನ್ನು ಗಾಡಿ ಮಾದನಹಿಪ್ಪರಗಾಕ್ಕೆ ಹೋಗಿ ಬರುವುದು, ಎರಡು ಅರಿವೆ ಹಾಕುವುದು. ಟರ್ಬೊಕ್ಕಿಂತ ಮುಂಚಿನ ಪೈಪಿಗೆ ಒಂದು, ಆಮೇಲಿನ ಪೈಪಿಗೆ ಒಂದು. ಮೊದಲನೆಯದು ಒಣಗಿದ್ದು ಎರಡನೆಯದು ತೊಯ್ದಿದ್ದರೆ ಟರ್ಬೊದ ಸೀಲು ಹೋಗಿದೆ, ಬಿಚ್ಚಿ ಕಲಬುರಗಿಗೆ ಕಳಿಸಬೇಕು, ಬರುವುದಕ್ಕೆ ಎಂಟು ಹತ್ತು ದಿನ. ಅಷ್ಟರಲ್ಲಿ ಎಂಟನೇ ತಿಂಗಳು ಬಂದಿರುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡೂ ಒಣಗಿದ್ದರೆ ಮರುದಿನವೇ ಕುಬಸ, ಮರುದಿನವೇ ಪಯಣ.

ಗಾಡಿ ಹೋಗಿ ಬರುವ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಕಾಕಿಯ ಪಕ್ಕ ಕೂತಿದ್ದೆ. ಕಾಕಿ ನಮ್ಮ ಮನೆಗೆ ಬಂದು ಎರಡು ವರ್ಷ ಆಗಿತ್ತು. ನನ್ನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದವಳು ಅವಳು, ಶಾಲೆಯ ಚೀಲದಲ್ಲಿ ಬೆಲ್ಲ ಇಡುತ್ತಿದ್ದವಳು ಅವಳು. ಗ್ಯಾರೇಜಿಗೆ ಹೋಗಬೇಡ ಎಂದು ಬೈಯದ ಒಬ್ಬಳೇ ಹೆಂಗಸು. ಅವತ್ತು ಅವಳು ಒಲೆಯ ಮುಂದೆ ಮೊಳಕಾಲ ಮೇಲೆ ಗದ್ದ ಇಟ್ಟುಕೊಂಡು ಅಳುತ್ತಿದ್ದಳು, ಸದ್ದಿಲ್ಲದೆ.

"ಯಾಕ ಅಳಾಕತ್ತೀ ಕಾಕಿ?"

"ನಮ್ಮವ್ವ ಬಾಗಿಲದಾಗ ಕುಂತಿರ್ತಾಳ ನೀಲಾ. ಹೊತ್ತು ಮುಣುಗೋತನಕ ಕುಂತಿರ್ತಾಳ. ಈ ಸಲ ಆ ಅರಿವಿ ಒಂದು ಒಣಗಿ ಬಂದ್ರ ಸಾಕವ್ವ."

ನನಗೆ ಏನೂ ಮಾಡು ಎಂದು ಅವಳು ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಯಾರೂ ಹೇಳಲಿಲ್ಲ.

ಗಾಡಿ ಬಂತು, ತಣ್ಣಗಾಯಿತು. ಟರ್ಬೊಕ್ಕಿಂತ ಮುಂಚಿನ ಪೈಪಿಗೆ ಅಪ್ಪ ತಾನೇ ಅರಿವೆ ಹಾಕಿದ. ಒಣಗಿತ್ತು, ಬೂದಿ ಬಣ್ಣ. ಆಮೇಲಿನ ಪೈಪಿನ ಬಾಗು ಕಿರಿದು. ಅಪ್ಪ ಕ್ಲಿಪ್ಪು ಸಡಿಲಿಸಿ, ಪಾನಾ ಒರೆಸಿಕೊಳ್ಳಲು ಆ ಕಡೆ ತಿರುಗಿದ. ನಾನು ಬಂಪರಿನ ಮೇಲೆ ಹತ್ತಿ, ಅರಿವೆ ಸುತ್ತಿದ ಕೈಯನ್ನು ಮೊಳಕೈವರೆಗೆ ಒಳಗೆ ಬಿಟ್ಟೆ. ಒಳಗೆ ಇನ್ನೂ ಬೆಚ್ಚಗಿತ್ತು. ಕೈ ಹೊರಗೆ ತಂದಾಗ ಆಯಿಯ ಸೀರೆಯ ತುಂಡು ಕಪ್ಪಾಗಿ, ಹಿಂಡಿದರೆ ತೊಟ್ಟಿಕ್ಕುವ ಹಾಗೆ ತೊಯ್ದಿತ್ತು. ಲಂಗದ ನೆರಿಗೆಯಲ್ಲಿ ಇನ್ನೊಂದು ತುಂಡು ಇತ್ತು, ಅದನ್ನು ನಾನು ಮುಂಚೆಯೇ ಸಿಕ್ಕಿಸಿಕೊಂಡಿದ್ದೆ. ತೊಯ್ದದ್ದನ್ನು ನೆರಿಗೆಗೆ ತುರುಕಿ, ಬಿಳಿಯದನ್ನು ತೆಗೆದು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಅದನ್ನು ಬಿಸಿಲಿಗೆ ಹಿಡಿದ. ಬಹಳ ಹೊತ್ತು ಹಿಡಿದ. ತಿರುವಿ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನಾನು ನೆಲ ನೋಡುತ್ತಿದ್ದೆ.

"ಒಣಗ್ಯದ," ಎಂದ. "ಗುಂಡ್ಯಾ, ತಯಾರಿ ಮಾಡ್ಕೋ."

ಮನೆಯೊಳಗೆ ಸಂಭ್ರಮ ಎದ್ದಿತು. ಅವ್ವ ಹೂರಣಕ್ಕೆ ಬೇಳೆ ಇಟ್ಟಳು, ಆಯಿ ಬಳೆಗಾರ್ತಿಗೆ ಹೇಳಿ ಕಳಿಸಿದಳು. ನಾನು ಬಚ್ಚಲಿನ ಹಂಡೆಯ ಒಲೆಗೆ ಆ ತೊಯ್ದ ಅರಿವೆ ಹಾಕಿದೆ. ಭಗ್ಗನೆ ಹೊತ್ತಿ, ಕರಿ ಹೊಗೆ ಬಿಟ್ಟಿತು. ಆಯಿ ಕೆಮ್ಮುತ್ತ ಬಂದು, ಇದೆಂಥ ಹೊಲಸು ವಾಸನೆ ಬೇ ಎಂದಳು. ಗೊತ್ತಿಲ್ಲ ಎಂದೆ. ಅದೇ ಸೀರೆಯ ಇನ್ನೊಂದು ತುಂಡು ಅವಳ ಲಿಂಗದ ಮೇಲಿತ್ತು ಎಂಬುದು ನನಗೆ ಆಗಲೂ ನೆನಪಿತ್ತು.

ಮರುದಿನ ಕುಬಸ ಮುಗಿಸಿ ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಎಮ್ಮೆ ಕರು ಹಾಕುವ ದಿನ ಎಂದು ಅವ್ವ ಮನೆಯಲ್ಲೇ ಉಳಿದಳು. ಮುಂದೆ ಕಾಕಾ ಸ್ಟೇರಿಂಗ್ ಹಿಡಿದು, ಪಕ್ಕಕ್ಕೆ ಅಪ್ಪ. ಹಿಂದೆ ಆಯಿ, ನಾನು, ನಡುವೆ ಕಾಕಿ. ಅವಳಿಗೆ ಕುಲುಕಾಡಬಾರದು ಎಂದು ಆಯಿ ತಾನೇ ಹೊಲಿದ ದಪ್ಪ ಕೌದಿಯನ್ನು ಮಡಚಿ ಕೆಳಗೆ ಹಾಸಿದ್ದಳು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತುತ್ತಿ, ಬಾಳೆಹಣ್ಣು. ಕಾಕಿ ನಗುತ್ತಿದ್ದಳು, ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಕೈ ಹಿಡಿದುಕೊಂಡೇ ನಾನು ಹಿಂದಿನ ಗಾಜಿನಿಂದ ಹೊಗೆ ನೋಡುತ್ತಿದ್ದೆ. ಕಾಕಾ ವೇಗ ಹೆಚ್ಚಿಸಿದಾಗಲೆಲ್ಲ ಅಪ್ಪ ಬರೀ ಅಂಗೈ ಕೆಳಗೆ ಮಾಡಿ ತೋರಿಸುತ್ತಿದ್ದ, ನಿಧಾನ ಎಂದು. ಅವನು ಕಿವಿಗೊಟ್ಟು ಕೂತದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಸದ್ದು ಕೇಳಿ ರೋಗ ಹೇಳುವವರನ್ನು ಕಂಡು ನಗುತ್ತಿದ್ದ ಮನುಷ್ಯ ಅವತ್ತು ಸದ್ದು ಕೇಳುತ್ತಿದ್ದ.

ಅಫಜಲಪುರ ದಾಟಿತು. ಸೊನ್ನದ ರಸ್ತೆಗೆ ತಿರುಗಿದೆವು. ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಕಾಕಾ ಒತ್ತಿ ಹೊಡೆದ. ಟ್ರ್ಯಾಕ್ಟರ್ ಹಿಂದೆ ಬಿತ್ತು. ಕಾಕಾ ಕಾಲು ತೆಗೆದ. ಇಂಜಿನ್ನು ಇಳಿಯಲಿಲ್ಲ, ಏರಿತು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣದಷ್ಟು ಬಿಳಿ ಹೊಗೆ ತುಂಬಿಕೊಂಡಿತು. ಕಾಕಾ ಗೇರು ತೆಗೆದು, ಬ್ರೇಕು ತುಳಿದು, ಜಾಲಿ ಗಿಡದ ಬದಿಗೆ ತಂದು ನಿಲ್ಲಿಸಿದ. ಮುಂದೆ ರಸ್ತೆ ಇಳಿಜಾರಾಗಿ ಹೊಳೆಯ ಕಡೆ ಹೋಗುತ್ತಿತ್ತು. ದೂರದಲ್ಲಿ ಭೀಮೆಯ ನೀರು ಕಾಣುತ್ತಿತ್ತು. ಕಾಕಾ ಚಾವಿ ತಿರುವಿ, ಹೊರಗೆ ಎಳೆದ. ಚಾವಿ ಅವನ ಕೈಯಲ್ಲಿತ್ತು. ಇಂಜಿನ್ನು ಒದರುತ್ತಲೇ ಇತ್ತು, ಇನ್ನೂ ಮೇಲೆ, ಇನ್ನೂ ಮೇಲೆ. ಗಾಡಿ ನಡುಗಿ, ಕಾಕಿಯ ಬಳೆಗಳೆಲ್ಲ ಗಿಲಗಿಲ ಅಂದವು.

"ಟಾಪ್ ಗೇರ್ ಹಾಕು! ಬ್ರೇಕ್ ಬಿಡಬ್ಯಾಡ, ಕ್ಲಚ್ ಬಿಡು! ಉಸಿರು ಕಟ್ಟಲಿ ಅದಕ್ಕ!"

ಅಪ್ಪ ಕೂಗಿದ. ಕಾಕಾ ಹಾಗೇ ಮಾಡಿದ. ಸುಟ್ಟ ವಾಸನೆ ಬಂತು, ಗಾಡಿ ಇಳಿಜಾರಿನ ಕಡೆ ಒಮ್ಮೆ ಜಿಗಿಯಿತು, ಇಂಜಿನ್ನು ನಿಲ್ಲಲಿಲ್ಲ. ಕಾಕಾನ ಧೈರ್ಯ ಅಲ್ಲಿಗೆ ಮುಗಿಯಿತು. ಗೇರು ತೆಗೆದು, ಬಾಗಿಲು ತೆರೆದು ಹೊರಗೆ ಹಾರಿದ. ಅಪ್ಪ ಕೈಬ್ರೇಕು ಎಳೆದು, ಇಳಿದು ಬಾನೆಟ್ ಎತ್ತುತ್ತ ಅರಚಿದ:

"ಎಲ್ಲಾರೂ ಇಳೀರಿ! ದೂರ ಹೋಗ್ರಿ! ಗಂಗಾ, ಇಳಿಯವ್ವ!"

ಆಯಿ ಕಾಕಿಯ ಭುಜ ಒತ್ತಿ ಹಿಡಿದು, ಅಪ್ಪನ ಹೆಸರು ಹಿಡಿದು ಕೂಗಿದಳು.

"ಇಳೀಬ್ಯಾಡ! ಉಡಿ ತುಂಬ್ಯದ, ತವರ ಹೊಸ್ತಿಲ ಮುಟ್ಟೋತನಕ ಇಳೀಬಾರದು! ಮಲ್ಲ್ಯಾ, ಅದನ್ನ ಬಂದ್ ಮಾಡೋ!"

"ಗಾಳಿ ಮುಚ್ಚಿದ್ರ ಬಂದ್ ಆಗ್ತದವ್ವ! ದಪ್ಪಂದು ಏನರ ಕೊಡ್ರಿ! ಕೌದಿ ಕೊಡ್ರಿ!"

ಕೌದಿ ಕಾಕಿಯ ಕೆಳಗಿತ್ತು. ನಾನು ಆಗಲೇ ನೆಲಕ್ಕೆ ಹಾರಿದ್ದೆ. ಅಲ್ಲಿಂದ ನೋಡುತ್ತ ನಿಂತಿದ್ದೆ. ಕಾಕಿ ಆಯಿಯ ಕೈಯನ್ನು ಕಿತ್ತೆಸೆದಳು. ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ಕೌದಿ ಎಳೆದುಕೊಂಡು ಇಳಿದಳು. ಉಡಿ ಬಿಚ್ಚಿತು. ಅಕ್ಕಿಯೆಲ್ಲ ಧೂಳಿಗೆ ಸುರಿಯಿತು, ಕೊಬ್ಬರಿ ಬಟ್ಟಲು ಉರುಳಿ ಗಾಲಿಯ ಕೆಳಗೆ ಹೋಯಿತು. ಅವಳು ನೋಡಲಿಲ್ಲ. ಹೊಗೆಯೊಳಗೆ ನಡೆದು ಹೋಗಿ ಕೌದಿಯನ್ನು ಅಪ್ಪನ ಕೈಗೆ ಕೊಟ್ಟು, ಹಿಂದೆ ಸರಿದಳು. ಅಪ್ಪ ಟರ್ಬೊದ ಬಾಯಿಯಿಂದ ರಬ್ಬರ್ ಪೈಪು ಕಿತ್ತು, ಕೌದಿಯನ್ನು ಅಲ್ಲಿಗೆ ಒತ್ತಿ, ಮೇಲೆ ಮೈಭಾರ ಹಾಕಿದ. ಇಂಜಿನ್ನು ಕೌದಿಯನ್ನು ಒಳಗೆ, ತಿರುಗುತ್ತಿದ್ದ ಟರ್ಬೊದ ಚಕ್ರದ ಕಡೆಗೆ ಎಳೆಯಿತು. ಅವನ ಕೈ ಬಿಡಲಿಲ್ಲ. ಒದರಾಟ ಒಮ್ಮೆ ತಗ್ಗಿ, ಒಮ್ಮೆ ಎದ್ದು, ಗಕ್ಕನೆ ನಿಂತಿತು.

ಅಷ್ಟು ಸದ್ದಿನ ನಂತರದ ಆ ಮೌನ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಅಪ್ಪ ಕೌದಿ ಹಿಡಿದುಕೊಂಡೇ ನಿಂತಿದ್ದ. ಅದರ ಬಿಳಿ ತೇಪೆಯೊಂದು ಮೆಲ್ಲಗೆ ಕೆಂಪಾಯಿತು. ಬಲಗೈಯ ಎರಡು ಬೆರಳು, ತೋರುಬೆರಳು ಮತ್ತು ನಡುಬೆರಳು, ಮೊದಲ ಗೆಣ್ಣಿನಿಂದ ಮೇಲೆ ಇರಲಿಲ್ಲ.

ಹಿಂದೆ ಬಿದ್ದಿದ್ದ ಅದೇ ಟ್ರ್ಯಾಕ್ಟರು ಬಂದು ಕಾಕಿಯನ್ನೂ ಆಯಿಯನ್ನೂ ನನ್ನನ್ನೂ ಸೊನ್ನಕ್ಕೆ ಮುಟ್ಟಿಸಿತು. ಕಾಕಾ ಒಂದು ಮೋಟರ್ ಸೈಕಲ್ಲು ನಿಲ್ಲಿಸಿ ಅಪ್ಪನನ್ನು ಅಫಜಲಪುರದ ದವಾಖಾನೆಗೆ ಒಯ್ದ. ಕಾಕಿಗೆ ಏನೂ ಆಗಲಿಲ್ಲ, ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ. ಕಾಕಾ ಆ ಗಾಡಿಯನ್ನು ಹಾಗೇ ಗುಜರಿಗೆ ಹಾಕಿದ, ಮತ್ತೆ ಯಾವತ್ತೂ ಸ್ಟೇರಿಂಗ್ ಹಿಡಿಯಲಿಲ್ಲ. ಆದರೆ ಆಯಿ ಮನೆಗೆ ಬಂದ ಕೂಡಲೇ ತೀರ್ಪು ಕೊಟ್ಟುಬಿಟ್ಟಳು.

"ನಡುದಾರ್ಯಾಗ ಇಳದು ಉಡಿ ಚೆಲ್ಲಿದ್ಲು. ಅದಕ್ಕ ನನ್ನ ಮಗನ ಕೈ ಹೋತು."

ಅಪ್ಪನ ಬೆರಳು ಹೋದ ಕೆಲಸದಲ್ಲಿಯೇ ಕಾಕಿ ಉಳಿದಳು, ನಾವೆಲ್ಲ ಉಳಿದೆವು ಎಂಬುದು ಆಯಿಯ ತಲೆಗೆ ಹೋಗಲಿಲ್ಲ. ಕಾಕಿ ಕೂಸು ಎತ್ತಿಕೊಂಡು ತಿರುಗಿ ಬಂದ ಮೇಲೆ ಆಯಿ ಅವಳ ಜೊತೆ ಬೇಕಾದಷ್ಟೇ ಮಾತಾಡಿದಳು. ಮನೆಯ ಯಾವ ಹೆಣ್ಣಿಗೂ ಉಡಿ ತುಂಬಲು ಕಾಕಿಯನ್ನು ಮುಂದೆ ಕರೆಯಲಿಲ್ಲ. ನನ್ನ ಮದುವೆಯಲ್ಲಿ ಐದು ಜನ ಮುತ್ತೈದೆಯರು ಬೇಕಾಗಿದ್ದಾಗ ಪಕ್ಕದ ಮನೆಯವಳನ್ನು ಕರೆದರು. ನನಗೆ ಜಡೆ ಹೆಣೆದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಮದುಮಗಳ ನಾಚಿಕೆ ಎಂದು ಎಲ್ಲರೂ ತಿಳಿದುಕೊಂಡರು. ನನ್ನ ಬಾಯಿ ಬಿದ್ದುಹೋಗಿತ್ತೇನು? ಬಿದ್ದಿರಲಿಲ್ಲ. ಹೇಳಬಹುದಾಗಿತ್ತು, ಹೇಳಲಿಲ್ಲ.

ಮೊಂಡು ಬೆರಳುಗಳಿಗೆ ಎಣ್ಣೆಯ ಜಿಡ್ಡು ತಿಳಿಯುತ್ತಿರಲಿಲ್ಲ. ಆಮೇಲೆ ಅಪ್ಪನ ಗ್ಯಾರೇಜಿನಲ್ಲಿ ನನ್ನ ಬೆರಳುಗಳೇ ಅವನ ಬೆರಳು. ಅವ್ವ ಬೈಯುವುದನ್ನು ಬಿಟ್ಟಳು. ಹಾಗೆ ನಾನು ಮಿಸ್ತ್ರಿಯಾದೆ. ಈಗ ಜೇವರ್ಗಿಯಲ್ಲಿ ನಾನೂ ನನ್ನ ಗಂಡನೂ ಗ್ಯಾರೇಜು ನಡೆಸುತ್ತೇವೆ. ಹೆಣ್ಣು ಮಿಸ್ತ್ರಿ ಎಂದು ನೋಡಲು ಬರುವವರೂ ಉಂಟು. ನನ್ನ ಕೈ ಶುದ್ಧ ಎನ್ನುತ್ತಾರೆ, ಸುಳ್ಳು ಹೇಳುವವಳಲ್ಲ ಎನ್ನುತ್ತಾರೆ. ಹೌದು, ಆ ಒಂದರ ನಂತರ ಯಾವ ಗಾಡಿಯ ಬಗ್ಗೆಯೂ ನಾನು ಸುಳ್ಳು ಹೇಳಿಲ್ಲ. ಹೇಳಲು ಹೆದರಿಕೆ.

ಹೋದ ತಿಂಗಳು ಅಪ್ಪ ನಮ್ಮಲ್ಲಿಗೆ ಬಂದಿದ್ದ. ಒಂದು ಕಾರು ಬಂತು, ಗಾಳಿಯ ಪೈಪಿನಲ್ಲಿ ಎಣ್ಣೆ. ಈಗ ಕಂಪ್ಯೂಟರ್ ಹಚ್ಚಿ ನೋಡುತ್ತೇವೆ, ಆದರೂ ನಾನು ಅರಿವೆ ಹಾಕುತ್ತೇನೆ. ತೊಯ್ದ ಅರಿವೆಯನ್ನು ಖುರ್ಚಿಯಲ್ಲಿ ಕೂತ ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಎರಡು ಮೊಂಡು ಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ಎತ್ತಿದ. ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಲಂಗದ ನೆರಿಗೆ, ಹಂಡೆಯ ಒ‌ಲೆ, ಎಲ್ಲ.

ಅಪ್ಪ ಅರಿವೆ ಕೆಳಗಿಳಿಸಲಿಲ್ಲ.

"ಅಷ್ಟು ಬೆಳ್ಳಗ ಯಾ ಪೈಪಿನ ಅರಿವಿನೂ ಬರಂಗಿಲ್ಲ ನೀಲವ್ವ. ಧೂಳರ ಇರಬೇಕಲ್ಲ. ಅವತ್ತೇ ಗೊತ್ತಾಗಿತ್ತು."

"ಗೊತ್ತಿದ್ದೂ ಸುಮ್ಮನಿದ್ದೇನಪ್ಪ?"

"ತಮ್ಮನ ಕೂಡ ಇನ್ನೊಂದು ಜಗಳಾ ನನಗ ಬ್ಯಾಡಾಗಿತ್ತು. ಆ ಹುಡುಗಿ ಅಳೋದು ನೋಡಾಕಾಗಲಿಲ್ಲ. ಅರವತ್ತು ಎಪ್ಪತ್ತು ಮೈಲು ನಡೀತದ, ನಾ ಬಾಜೂಕ್ಕ ಕುಂತಿರ್ತೇನಿ ಅಂದ್ಕೊಂಡೆ."

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಷ್ಟು ವರ್ಷ ಒಬ್ಬಳೇ ಹೊತ್ತೆನಲ್ಲ, ಒಂದು ಮಾತು ಹೇಳಬಾರದಾಗಿತ್ತೇ ಎಂದು ಕೂಗಾಡಿದೆ. ಕಾರಿನವನು ದೂರ ಸರಿದು ನಿಂತ. ಕೂಗಿ ಕೂಗಿ ಸಾಕಾದ ಮೇಲೆ ಹೊಳೆಯಿತು: ಹೊತ್ತದ್ದು ನಾನೂ ಅಲ್ಲ, ಅಪ್ಪನೂ ಅಲ್ಲ, ಕಾಕಿ. ಮರುದಿನವೇ ಅಪ್ಪನನ್ನು ಕರೆದುಕೊಂಡು ಆಳಂದಕ್ಕೆ ಹೋದೆ.

ಕಾಕಿ ಅದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ನರೆತಿದೆ. ನಾನು ಪಕ್ಕದಲ್ಲಿ ಕೂತು ಹೇಳಿದೆ, ಅಪ್ಪ ಬಾಗಿಲಲ್ಲಿ ನಿಂತು ತನ್ನದನ್ನು ಹೇಳಿದ. ಕೇಳುತ್ತಿದ್ದಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು. ಆಮೇಲೆ ಕೈ ಒರೆಸಿಕೊಂಡಳು.

"ನನಗ್ಯಾಕ ಹೇಳಾಕತ್ತೀರಿ? ನಾ ತಪ್ಪು ಮಾಡಿಲ್ಲ ಅಂತ ನನಗ ಗೊತ್ತಿತ್ತು. ಆಯಿಗಿ ಹೇಳಬೇಕಿತ್ತು."

ಆಯಿ ಹೋಗಿ ಹನ್ನೆರಡು ವರ್ಷವಾಗಿದೆ.

"ಅಕಿ ಸಾಯೋ ದಿನ ಬಾಯಿಗಿ ನೀರು ಹಾಕಾಕ ಹೋದೆ ನೀಲಾ. ಮಾರಿ ಆ ಕಡಿ ಹೊಳ್ಳಿಸಿದ್ಲು. ನೀ ಬಾಜೂಕ್ಕೇ ನಿಂತಿದ್ದಿ."

ಹೌದು, ನಿಂತಿದ್ದೆ. ಕಾಕಿಯ ಕೈಯಿಂದ ಲೋಟ ತೆಗೆದುಕೊಂಡು ಆಯಿಗೆ ನೀರು ಹಾಕಿದವಳು ನಾನೇ. ಆಯಿ ಕುಡಿದಳು.